ಲೀಟರಿಗೆ ಮೂರು ರೂಪಾಯಿ ಅಂದರೆ ಮನೆಗೆ ಎಷ್ಟು?

ಪ್ರಶ್ನೆ: ನಾವು ತುಮಕೂರಿನವರು. ಮನೆಯವರು ವಸಂತನರಸಾಪುರದ ಕಾರ್ಖಾನೆಗೆ ಬೈಕಿನಲ್ಲಿ ಹೋಗಿಬರುತ್ತಾರೆ, ದಿನಕ್ಕೆ 45 ಕಿ.ಮೀ. ಆಗುತ್ತದೆ. ಅವರ ಕೈಗೆ ₹24,000 ಬರುತ್ತದೆ. ನಾನು ಬಟ್ಟೆ ಹೊಲಿದು ₹4,000 ದುಡಿಯುತ್ತೇನೆ. ಪೆಟ್ರೋಲ್, ಡೀಸೆಲ್ ತೆರಿಗೆ ಏರುವ ಮೊದಲು ಬಾಡಿಗೆ 6,000, ರೇಷನ್-ತರಕಾರಿ-ಹಾಲು-ಗ್ಯಾಸ್ 8,500, ಇಬ್ಬರು ಮಕ್ಕಳ ಫೀಸು ಮತ್ತು ವ್ಯಾನು 4,200, ಪೆಟ್ರೋಲ್ 2,300, ಸಂಘದ ಸಾಲದ ಕಂತು 3,000, ಕರೆಂಟು-ಮೊಬೈಲು 900, ಔಷಧಿ ಮತ್ತಿತರೆ 1,100 ಕಳೆದು ತಿಂಗಳಿಗೆ ₹2,000 ಉಳಿಯುತ್ತಿತ್ತು. ಈಗ ಅದು ಕರಗಿಹೋಗುತ್ತಿದೆ. ವ್ಯಾನಿನವರು ಮಗುವಿಗೆ ₹100 ಏರಿಸಿದರು, ಸಂತೆಗೆ ಹೋಗುವ ಶೇರ್ ಆಟೊ 15 ಇದ್ದದ್ದು 20 ಆಯಿತು. ಕೇಳಿದರೆ ಎಲ್ಲರೂ ‘ಡೀಸೆಲ್ ಜಾಸ್ತಿ ಆಯ್ತಲ್ಲಮ್ಮ’ ಅನ್ನುತ್ತಾರೆ. ಸರ್ಕಾರದ ಕಡೆಯವರು ‘ಲೀಟರಿಗೆ ಎರಡು ಮೂರು ರೂಪಾಯಿ ಅಷ್ಟೇ’ ಅನ್ನುತ್ತಾರೆ. ನಮ್ಮ ಮೇಲೆ ನಿಜಕ್ಕೂ ಬಿದ್ದದ್ದೆಷ್ಟು? ಕಾರಿನವರಿಗೂ ನಮಗೂ ಒಂದೇ ತೆರಿಗೆ ಹಾಕುವುದು ನ್ಯಾಯವೇ? ನಾವು ಮಾಡಬಹುದಾದದ್ದು ಏನಾದರೂ ಇದೆಯೇ?

ಉತ್ತರ: ಖರ್ಚಿನ ಪಟ್ಟಿಯನ್ನೂ ಬರೆದು ಕಳಿಸಿದ್ದೀರಿ. ಹಾಗಾಗಿ ಅಂದಾಜು ಬಿಟ್ಟು ರೂಪಾಯಿ ಪೈಸೆಯಲ್ಲೇ ಮಾತಾಡಬಹುದು.

ಏರಿದ್ದು ಹೀಗೆ. 2024ರ ಜೂನ್ 15ರಂದು ರಾಜ್ಯ ಸರ್ಕಾರ ಪೆಟ್ರೋಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ 25.92ರಿಂದ ಶೇ 29.84ಕ್ಕೆ, ಡೀಸೆಲ್ ಮೇಲಿನದನ್ನು ಶೇ 14.34ರಿಂದ ಶೇ 18.44ಕ್ಕೆ ಏರಿಸಿತು. ಎರಡರ ಬೆಲೆಯೂ ಲೀಟರಿಗೆ ಸುಮಾರು ₹3 ಹೆಚ್ಚಾಯಿತು. 2025ರ ಏಪ್ರಿಲ್ 1ರಂದು ಡೀಸೆಲ್ ತೆರಿಗೆ ಮತ್ತೆ ಏರಿ ಶೇ 21.17 ಆಯಿತು, ಇನ್ನೊಂದು ₹2 ಸೇರಿತು. ಅಲ್ಲಿಗೆ ತೆರಿಗೆಯ ಕಾರಣದಿಂದಲೇ ಪೆಟ್ರೋಲ್ ₹3, ಡೀಸೆಲ್ ₹5 ದುಬಾರಿಯಾದಂತೆ. ಈ ದರಗಳು ಮುಂದೆ ಬದಲಾದರೂ ಲೆಕ್ಕ ಹಾಕುವ ಕ್ರಮ ಬದಲಾಗುವುದಿಲ್ಲ. ಹೊಸ ಅಂಕಿ ಕೂರಿಸಿಕೊಂಡರಾಯಿತು.

ಈ ತೆರಿಗೆ ಶೇಕಡಾ ಲೆಕ್ಕದ್ದು ಎಂಬುದನ್ನು ಮರೆಯಬೇಡಿ. ಕೇಂದ್ರದ ಅಬಕಾರಿ ಸುಂಕ ಲೀಟರಿಗೆ ಇಷ್ಟು ಎಂದು ನಿಗದಿಯಾಗಿರುತ್ತದೆ. ರಾಜ್ಯದ ಮಾರಾಟ ತೆರಿಗೆ ಆ ಸುಂಕವೂ ಸೇರಿದ ಬೆಲೆಯ ಮೇಲೆ ಬೀಳುತ್ತದೆ, ಅಂದರೆ ತೆರಿಗೆಯ ಮೇಲೆ ತೆರಿಗೆ. ಡೀಸೆಲ್‌ನ ಮೂಲ ಬೆಲೆ ನಾಳೆ ₹10 ಏರಿತು ಅನ್ನಿ. ವಿಧಾನಸೌಧದಲ್ಲಿ ಯಾರೂ ಸಹಿ ಹಾಕದಿದ್ದರೂ ರಾಜ್ಯದ ತೆರಿಗೆ ತಾನಾಗಿ ₹2.12 ಏರುತ್ತದೆ, ನೀವು ಕೊಡುವುದು ₹12.12 ಆಗುತ್ತದೆ.

ಇನ್ನು ನಿಮ್ಮ ಮನೆ. ದಿನಕ್ಕೆ 45 ಕಿ.ಮೀ., ತಿಂಗಳಿಗೆ 26 ದಿನ, ಒಟ್ಟು 1,170 ಕಿ.ಮೀ. ಬೈಕು ಲೀಟರಿಗೆ 50 ಕೊಟ್ಟರೆ ಸುಮಾರು 23 ಲೀಟರ್ ಬೇಕು. ಇಲ್ಲಿ ತೆರಿಗೆ ಏರಿಕೆಯಿಂದ ಹೋಗುವುದು ₹69.

ಅಕ್ಕಿಗೆ ಎಷ್ಟು ಬಿತ್ತು ನೋಡೋಣ. ಗಂಗಾವತಿಯಿಂದ ತುಮಕೂರಿಗೆ 300 ಕಿ.ಮೀ. ಆಸುಪಾಸು. ಹತ್ತು ಟನ್ ಹೊತ್ತ ಲಾರಿ ಲೀಟರಿಗೆ 5 ಕಿ.ಮೀ. ಓಡುತ್ತದೆ ಎಂದಿಟ್ಟುಕೊಳ್ಳಿ. ಹೋಗಲು 60 ಲೀಟರ್. ಖಾಲಿಯೇ ವಾಪಸು ಬಂತು, ಆ ಖರ್ಚೂ ಅಕ್ಕಿಯ ಮೇಲೇ ಬಿತ್ತು ಅಂತ ಲೆಕ್ಕ ಹಾಕಿದರೂ ಒಟ್ಟು 120 ಲೀಟರ್. ಲೀಟರಿಗೆ ₹5ರಂತೆ ₹600. ಹತ್ತು ಸಾವಿರ ಕೆ.ಜಿ.ಗೆ ಹಂಚಿದರೆ ಕೆ.ಜಿ.ಗೆ 6 ಪೈಸೆ. ಮಂಡಿಯಿಂದ ಅಂಗಡಿಗೆ ತರುವ ಸಣ್ಣ ಗಾಡಿಯ ಡೀಸೆಲ್‌ಗೆ ಇನ್ನೊಂದು 2 ಪೈಸೆ. 25 ಕೆ.ಜಿ. ಮೂಟೆಗೆ ಹೆಚ್ಚೆಂದರೆ ₹2 ಬೀಳಬೇಕಾದದ್ದು. ಮೂಟೆಗೆ ₹50 ಏರಿಸಿ ‘ಡೀಸೆಲ್’ ಅಂದರೆ ಅದು ಡೀಸೆಲ್ ಅಲ್ಲ. ಮಳೆ, ಭತ್ತದ ಬೆಲೆ, ಮಿಲ್ಲಿನವರ ಲೆಕ್ಕ, ಅಂಗಡಿಯವರ ಲಾಭ, ಇವುಗಳಲ್ಲಿ ಯಾವುದೋ ಒಂದು. ನಿಮ್ಮ ಮನೆಗೆ ತಿಂಗಳಿಗೆ ದವಸ, ತರಕಾರಿ ಎಲ್ಲ ಸೇರಿ 80 ಕೆ.ಜಿ. ಬರುತ್ತದೆ ಅಂದರೂ ಡೀಸೆಲ್ ತೆರಿಗೆಯ ಪಾಲು ₹7 ದಾಟುವುದಿಲ್ಲ.

ವ್ಯಾನಿನದೂ ಹೀಗೇ. ದಿನಕ್ಕೆ 40 ಕಿ.ಮೀ., ತಿಂಗಳಿಗೆ 24 ದಿನ, ಲೀಟರಿಗೆ 10 ಕಿ.ಮೀ. ಅಂದರೆ 96 ಲೀಟರ್. ₹5ರಂತೆ ₹480. ವ್ಯಾನಿನಲ್ಲಿ 14 ಮಕ್ಕಳಿದ್ದರೆ ಒಬ್ಬರಿಗೆ ₹34. ಏರಿಸಿದ್ದು ₹100. ಶೇರ್ ಆಟೊ ಆರು ಕಿ.ಮೀ. ಓಡಿದರೆ ಅರ್ಧ ಲೀಟರೂ ಬೇಡ. ಏಳು ಜನ ಕೂತರೆ ಒಬ್ಬರ ಪಾಲಿಗೆ ಬರುವ ಹೆಚ್ಚುವರಿ ಡೀಸೆಲ್ ಖರ್ಚು 20 ಪೈಸೆ ಚಿಲ್ಲರೆ. ಏರಿದ್ದು ₹5. ತಿಂಗಳಿಗೆ ಎಂಟು ಸಲ ಸಂತೆಗೆ ಹೋಗಿಬಂದರೆ ಅಲ್ಲಿಗೆ ₹80.

ಕೂಡಿಸಿ ನೋಡಿ. ಪೆಟ್ರೋಲ್ 69, ವ್ಯಾನು 200, ಸಾಮಾನು 7, ಆಟೊ 80. ಒಟ್ಟು ₹356 ನಿಮ್ಮ ಕೈಯಿಂದ ಹೋಗುತ್ತಿದೆ. ಇದರಲ್ಲಿ ನಿಜವಾದ ತೆರಿಗೆ ₹147 ಮಾತ್ರ. ಉಳಿದ ₹209 ಖಜಾನೆಗೆ ಹೋಗುತ್ತಿಲ್ಲ.

ಹಾಗಂತ ಆಟೊದವರನ್ನೋ ವ್ಯಾನಿನವರನ್ನೋ ದೂರಬೇಕಿಲ್ಲ. ಇಪ್ಪತ್ತು ಪೈಸೆ ಏರಿಸಲು ಅವರಿಗೆ ದಾರಿಯೇ ಇಲ್ಲ. 15 ಇದ್ದದ್ದು 15ರಲ್ಲೇ ನಿಲ್ಲಬೇಕು, ಇಲ್ಲ 20 ಆಗಬೇಕು. ಟೈರು, ಇನ್ಶೂರೆನ್ಸು, ರಿಪೇರಿ ಎರಡು ಮೂರು ವರ್ಷದಿಂದ ಏರುತ್ತ ಬಂದಿರುತ್ತವೆ. ಅವರು ತಡೆದುಕೊಂಡಿರುತ್ತಾರೆ. ತೆರಿಗೆ ಏರಿದ ದಿನ ಕೇಳಲು ಒಂದು ಕಾರಣ ಸಿಗುತ್ತದೆ. ಬಾಕಿಯೆಲ್ಲ ಒಟ್ಟಿಗೆ ಸೇರಿ ಐದರ ನಾಣ್ಯವಾಗಿಯೋ ನೂರರ ನೋಟಾಗಿಯೋ ನಿಮ್ಮ ಬಾಗಿಲಿಗೆ ಬರುತ್ತದೆ. ತಿಂಗಳಿಗೊಮ್ಮೆ ಸೂಪರ್‌ಮಾರ್ಕೆಟ್ಟಿನಲ್ಲಿ ಕಾರ್ಡು ಉಜ್ಜುವವರಿಗೆ ಬೆಲೆ ಪೈಸೆಯಲ್ಲಿ ಏರುತ್ತದೆ. ದಿನಾ ಚಿಲ್ಲರೆ ಕೊಟ್ಟು ಕೊಳ್ಳುವವರಿಗೆ ಐದು ಹತ್ತರ ಮೆಟ್ಟಿಲಿನಲ್ಲಿ ಏರುತ್ತದೆ. ತೆರಿಗೆಯ ನ್ಯಾಯದ ಬಗ್ಗೆ ಮಾತಾಡುವವರು ಈ ಮೆಟ್ಟಿಲನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು ಅಪರೂಪ.

ಇಳಿಯುವಾಗ ಮೆಟ್ಟಿಲು ಇರುವುದೇ ಇಲ್ಲ. 2021ರ ನವೆಂಬರಿನಲ್ಲಿ ಕೇಂದ್ರ ಡೀಸೆಲ್ ಸುಂಕವನ್ನು ₹10 ಇಳಿಸಿತು. ರಾಜ್ಯವೂ ₹7 ಬಿಟ್ಟುಕೊಟ್ಟು ಡೀಸೆಲ್ ತೆರಿಗೆಯನ್ನು ಶೇ 24ರಿಂದ ಶೇ 14.34ಕ್ಕೆ ತಂದಿತು. ಆಗ ಯಾವ ವ್ಯಾನಿನ ಫೀಸಾದರೂ ಇಳಿದಿತ್ತೇ, ನೆನಪು ಮಾಡಿಕೊಳ್ಳಿ.

ಡೀಸೆಲ್ ತೆರಿಗೆ ಬೆಲೆಯಲ್ಲಿ ಹೂತುಹೋಗಲು ಇನ್ನೊಂದು ಕಾರಣವಿದೆ. ಪೆಟ್ರೋಲ್, ಡೀಸೆಲ್ ಜಿಎಸ್‌ಟಿಯೊಳಗೆ ಇಲ್ಲ. ಕರ್ನಾಟಕದಲ್ಲಿ ಇವುಗಳಿಗೆ ಈಗಲೂ 1957ರ ಮಾರಾಟ ತೆರಿಗೆ ಕಾಯ್ದೆಯೇ ಅನ್ವಯ. ಜಿಎಸ್‌ಟಿಯಲ್ಲಾದರೆ ವ್ಯಾಪಾರಿ ತಾನು ಕೊಂಡ ಸರಕಿಗೆ ಕೊಟ್ಟ ತೆರಿಗೆಯನ್ನು, ಮಾರುವಾಗ ಕಟ್ಟಬೇಕಾದ ತೆರಿಗೆಯಿಂದ ಕಳೆದುಕೊಳ್ಳಬಹುದು. ಡೀಸೆಲ್‌ಗೆ ಆ ಅನುಕೂಲವಿಲ್ಲ. ಲಾರಿ ಮಾಲೀಕ ಕೊಟ್ಟ ತೆರಿಗೆ ಬಾಡಿಗೆಯಲ್ಲಿ ಸೇರುತ್ತದೆ, ಬಾಡಿಗೆ ಸರಕಿನ ಬೆಲೆಯಲ್ಲಿ ಸೇರುತ್ತದೆ, ಅದರ ಮೇಲೆ ಪ್ರತಿ ಕೈಯಲ್ಲೂ ಲಾಭದ ಶೇಕಡಾ ಕೂಡುತ್ತದೆ.

ನಿಮ್ಮ ಪಟ್ಟಿಯಲ್ಲಿ ತೆರಿಗೆಗೆ ಸಂಬಂಧವೇ ಇಲ್ಲದ ಎರಡು ಏರಿಕೆಗಳೂ ಅಡಗಿವೆ. ಡೀಸೆಲ್ ತೆರಿಗೆ ಏರಿದ 2025ರ ಏಪ್ರಿಲ್ 1ರಂದೇ ನಂದಿನಿ ಹಾಲು ಲೀಟರಿಗೆ ₹4 ಏರಿತು. ದಿನಕ್ಕೊಂದು ಲೀಟರ್ ಕೊಂಡರೆ ತಿಂಗಳಿಗೆ ₹120. ಅದೇ ತಿಂಗಳು 8ರಂದು ಸಿಲಿಂಡರ್ ₹50 ಏರಿತು. ಒಂದೂವರೆ ತಿಂಗಳಿಗೊಂದು ಸಿಲಿಂಡರ್ ಆದರೆ ತಿಂಗಳಿಗೆ ₹33. ಎಲ್ಲ ಒಂದೇ ವಾರದಲ್ಲಿ ಬಂದದ್ದರಿಂದ ‘ತೆರಿಗೆ’ ಎಂಬ ಒಂದೇ ಹೆಸರಿನಲ್ಲಿ ಕಲೆತುಹೋಗಿವೆ. ಬಿಡಿಸಿ ನೋಡಲೇಬೇಕು. ಹಾಲಿನ ಏರಿಕೆ ಉತ್ಪಾದಕ ರೈತರಿಗೆ ಹೋಗಬೇಕಾದ ದುಡ್ಡು. ಅದನ್ನೂ ಇದನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಈಗ ನ್ಯಾಯದ ಪ್ರಶ್ನೆಗೆ ಬರೋಣ. ₹356 ಎಂದರೆ ನಿಮ್ಮ ₹28,000 ಆದಾಯದಲ್ಲಿ ಶೇ 1.3. ಕಾಗದದ ಮೇಲೆ ಸಣ್ಣದು, ‘ಅಷ್ಟೇ’ ಅನ್ನುವವರು ನೋಡುವುದೂ ಇದನ್ನೇ. ಆದರೆ ಬಾಡಿಗೆ, ಫೀಸು, ಕಂತು ನಿಮ್ಮ ಕೈಯಲ್ಲಿಲ್ಲ. ನಿಮ್ಮ ಕೈಯಲ್ಲಿದ್ದದ್ದು ಕೊನೆಗೆ ಉಳಿಯುತ್ತಿದ್ದ ₹2,000. ಅದರಲ್ಲಿ ₹356 ಹೋದರೆ ಶೇ 18 ಹೋದಂತೆ. ಹಾಲು, ಗ್ಯಾಸೂ ಸೇರಿ ₹509 ಹೋದರೆ ಕಾಲು ಭಾಗವೇ ಹೋಯಿತು. ಏರಿಕೆಯನ್ನು ಆದಾಯದ ಜೊತೆಯಲ್ಲ, ಉಳಿಕೆಯ ಜೊತೆ ಹೋಲಿಸಬೇಕು. ಬಿಗಿಯಾದ ಸಂಸಾರಕ್ಕೆ ಸರಿಯಾದ ಅಳತೆಗೋಲು ಅದೊಂದೇ.

ಕಾರಿನವರ ಜೊತೆ ಹೋಲಿಸಿದಿರಿ. ಅದಕ್ಕಿಂತ ಕಠಿಣವಾದ ಹೋಲಿಕೆ ಒಂದಿದೆ. ಬೆಂಗಳೂರಿನಲ್ಲಿ ತಿಂಗಳಿಗೆ ₹2 ಲಕ್ಷ ದುಡಿದು 60 ಲೀಟರ್ ಪೆಟ್ರೋಲ್ ಸುಡುವ ಕಾರಿನವರಿಗೆ ಈ ಏರಿಕೆ ₹180. ದಿನಕ್ಕೆ 110 ಕಿ.ಮೀ. ಸುತ್ತುವ ಡೆಲಿವರಿ ಹುಡುಗನಿಗೆ, ಸ್ಕೂಟರು ಲೀಟರಿಗೆ 45 ಕೊಟ್ಟರೆ, ತಿಂಗಳಿಗೆ 63 ಲೀಟರ್ ಮೇಲೆ ಬೇಕು. ಅವನಿಗೆ ಏರಿದ್ದು ₹190. ಅವನ ದುಡಿಮೆ ₹22,000 ಇದ್ದರೆ, ಆದಾಯಕ್ಕೆ ಹೋಲಿಸಿದಾಗ ಅವನ ಹೊರೆ ಕಾರಿನವರ ಹೊರೆಯ ಒಂಬತ್ತು ಪಟ್ಟಿಗಿಂತ ಹೆಚ್ಚು. ಆರ್ಡರಿಗೆ ಇಷ್ಟು ಎಂದು ಸಿಗುವ ದುಡ್ಡು ಪೆಟ್ರೋಲ್ ದರದ ಜೊತೆ ಏರುವುದಿಲ್ಲ. ವ್ಯಾನಿನವರು ನಿಮ್ಮನ್ನು ಕೇಳಬಹುದು, ಅವನು ಯಾರನ್ನು ಕೇಳಬೇಕು? ಈ ತೆರಿಗೆಯ ಅತಿ ದೊಡ್ಡ ಅನ್ಯಾಯ ನನಗೆ ಕಾಣುವುದು ಇಲ್ಲೇ. ಬಾಡಿಗೆಗೆ ಓಡಿಸುವ ಸಣ್ಣ ಗೂಡ್ಸ್ ಗಾಡಿಯವರದೂ ಇದೇ ಪಾಡು.

ಗಾಡಿಯೇ ಇಲ್ಲದ ತೀರಾ ಬಡ ಮನೆ ಪೆಟ್ರೋಲ್ ತೆರಿಗೆಯನ್ನು ನೇರವಾಗಿ ಕೊಡುವುದು ಕಡಿಮೆ. ಹಾಗಾಗಿ ‘ಪೆಟ್ರೋಲ್ ತೆರಿಗೆ ಅಂದರೆ ಬಡವರ ಮೇಲಿನ ತೆರಿಗೆ’ ಎಂದು ಒಂದೇ ಮಾತಿನಲ್ಲಿ ಹೇಳಿಬಿಡುವುದು ಪೂರ್ತಿ ಸರಿಯಲ್ಲ. ಹೆಚ್ಚು ಪೆಟ್ಟು ತಿನ್ನುವವರು ಬೈಕು ಕೊಂಡಷ್ಟು ಮೇಲೆ ಬಂದು, ಅಲ್ಲಿಂದ ಮುಂದೆ ಹೋಗಲಾಗದೆ ನಿಂತ ನಿಮ್ಮಂಥವರು.

ಆದಾಯ ತೆರಿಗೆಯ ಕಡೆಯೂ ನೋಡಿ. 2025-26ರಿಂದ ಹೊಸ ಪದ್ಧತಿಯಲ್ಲಿ ವರ್ಷಕ್ಕೆ ₹12 ಲಕ್ಷದವರೆಗೆ ತೆರಿಗೆ ಇಲ್ಲ. ಒಳ್ಳೆಯದೇ. ಆದರೆ ವರ್ಷಕ್ಕೆ ₹3.36 ಲಕ್ಷ ದುಡಿಯುವ ನಿಮ್ಮ ಮನೆ ಮೊದಲೂ ಆ ತೆರಿಗೆ ಕಟ್ಟುತ್ತಿರಲಿಲ್ಲ. ಆದ್ದರಿಂದ ಆ ರಿಯಾಯಿತಿಯಲ್ಲಿ ನಿಮಗೆ ಬಂದದ್ದು ಸೊನ್ನೆ.

ಹಾಗಾದರೆ ರಾಜ್ಯ ಇದನ್ನೇ ಯಾಕೆ ಏರಿಸುತ್ತದೆ? ಜಿಎಸ್‌ಟಿ ಬಂದ ಮೇಲೆ ರಾಜ್ಯಗಳು ತಾವೇ ದರ ತೀರ್ಮಾನಿಸಬಹುದಾದ ದೊಡ್ಡ ತೆರಿಗೆಗಳು ಬೆರಳೆಣಿಕೆಯಷ್ಟು: ಪೆಟ್ರೋಲ್-ಡೀಸೆಲ್, ಮದ್ಯ, ಮುದ್ರಾಂಕ ಮತ್ತು ನೋಂದಣಿ, ವಾಹನ ತೆರಿಗೆ, ವಿದ್ಯುತ್ ತೆರಿಗೆ. ಕೇಂದ್ರದ ಸುಂಕದಲ್ಲೂ ರಾಜ್ಯಗಳ ಜೊತೆ ಹಂಚಿಕೆಯಾಗುವುದು ಮೂಲ ಅಬಕಾರಿ ಸುಂಕ ಮಾತ್ರ, ಪೆಟ್ರೋಲ್‌ಗೆ ₹1.40, ಡೀಸೆಲ್‌ಗೆ ₹1.80. ಬಾಕಿಯೆಲ್ಲ ಸೆಸ್, ವಿಶೇಷ ಸುಂಕ ಎಂಬ ಹೆಸರಿನಲ್ಲಿ ಕೇಂದ್ರದಲ್ಲೇ ಉಳಿಯುತ್ತದೆ. 2025ರ ಏಪ್ರಿಲ್ 8ರಂದು ಕೇಂದ್ರವೂ ಲೀಟರಿಗೆ ₹2 ಸುಂಕ ಏರಿಸಿತು. ಬಂಕಿನ ಬೆಲೆ ಏರದ್ದರಿಂದ ಅದು ಸುದ್ದಿಯಾಗಿ ಮುಗಿದುಹೋಯಿತು. ಕಚ್ಚಾ ತೈಲ ಅಗ್ಗವಾಗಿದ್ದಾಗ ನಿಮಗೆ ಇಳಿಯಬಹುದಾಗಿದ್ದ ಬೆಲೆ ಇಳಿಯಲಿಲ್ಲ. ಕಣ್ಣಿಗೆ ಬೀಳದ ತೆರಿಗೆ ಏರಿಕೆ ಅಂದರೆ ಇದು.

ಏರಿಸಿದ ದುಡ್ಡು ಎಲ್ಲಿಗೆ ಹೋಗುತ್ತದೆ ಎಂಬುದೂ ನ್ಯಾಯದ ಪ್ರಶ್ನೆಯೇ. ಗೃಹಲಕ್ಷ್ಮಿಯ ₹2,000 ನಿಮಗೆ ಬರುತ್ತಿದ್ದರೆ ನಿಮ್ಮಿಂದ ಹೋದ ₹147 ತೆರಿಗೆಗಿಂತ ಬಂದದ್ದು ಬಹಳ ಹೆಚ್ಚು. ಇದನ್ನು ಒಪ್ಪಲೇಬೇಕು. ಹೆಂಗಸರು ನಡೆಸುವ ಲಕ್ಷಾಂತರ ಸಂಸಾರಗಳಿಗೆ ಒಟ್ಟು ಲೆಕ್ಕದಲ್ಲಿ ಲಾಭವೇ ಆಗಿದೆ. ಆದರೆ ಪಿಜಿಯಲ್ಲಿರುವ ಆ ಡೆಲಿವರಿ ಹುಡುಗನ ಹೆಸರು ಗೃಹಲಕ್ಷ್ಮಿಯಲ್ಲೂ ಇಲ್ಲ, ಶಕ್ತಿಯಲ್ಲೂ ಇಲ್ಲ. ಜಿಎಸ್‌ಟಿ ರಿಟರ್ನ್ ಸಲ್ಲಿಸುವ ಸಣ್ಣ ಅಂಗಡಿಯವರ ಹೆಂಡತಿಗೂ ಗೃಹಲಕ್ಷ್ಮಿ ಇಲ್ಲ, ಅಂಗಡಿಯ ಲಾಭ ಎಷ್ಟೇ ಕಡಿಮೆ ಇರಲಿ. ಇವರು ತೆರಿಗೆ ಕೊಡುತ್ತಾರೆ, ಹಿಂದಕ್ಕೆ ಬರುವುದು ಕಡಿಮೆ. ಡೀಸೆಲ್ ತೆರಿಗೆಯನ್ನು ಶೇಕಡಾವಾರು ಬಿಟ್ಟು ಲೀಟರಿಗೆ ಇಷ್ಟು ಎಂದು ನಿಗದಿ ಮಾಡಿದರೆ, ಕಚ್ಚಾ ತೈಲ ಏರಿದಾಗಲಾದರೂ ಹೇಳದೆ ಕೇಳದೆ ತೆರಿಗೆ ಏರುವುದು ನಿಲ್ಲುತ್ತದೆ. ರಾಜ್ಯ ಇಷ್ಟನ್ನು ಮಾಡಬಹುದು, ಮಾಡಬೇಕು.

ಇನ್ನು ನೀವು ಮಾಡಬಹುದಾದದ್ದು.

ವ್ಯಾನಿನಿಂದ ಶುರು ಮಾಡಿ, ದುಡ್ಡು ಹೆಚ್ಚು ಹೋಗುತ್ತಿರುವುದು ಅಲ್ಲೇ. ಒಬ್ಬರೇ ಹೋಗಿ ಚೌಕಾಶಿ ಮಾಡಬೇಡಿ. ಅದೇ ವ್ಯಾನಿನ ಐದಾರು ಮಕ್ಕಳ ತಂದೆ-ತಾಯಿ ಸೇರಿ ಹೋಗಿ. ದಿನಕ್ಕೆ ಎಷ್ಟು ಕಿ.ಮೀ., ಮೈಲೇಜ್ ಎಷ್ಟು, ಎಷ್ಟು ಮಕ್ಕಳು, ಈ ಮೂರು ಅಂಕಿ ಕೇಳಿ ಒಂದು ಹಾಳೆಯಲ್ಲಿ ಬರೆಯಿರಿ. ಮೇಲಿನ ಲೆಕ್ಕದಂತೆ 96 ಲೀಟರ್, 14 ಮಕ್ಕಳಾದರೆ ಡೀಸೆಲ್ ₹1 ಏರಿದಾಗ ಮಗುವಿಗೆ ₹7. ಇಳಿದಾಗಲೂ ₹7 ಇಳಿಯಬೇಕು. ಫೀಸನ್ನು ಜೂನ್ ಮತ್ತು ಡಿಸೆಂಬರ್, ವರ್ಷಕ್ಕೆ ಎರಡೇ ಸಲ ಬದಲಿಸುವುದು ಎಂದು ಒಪ್ಪಂದ ಮಾಡಿಕೊಳ್ಳಿ. ಟೈರು, ಇನ್ಶೂರೆನ್ಸಿಗೆ ಬೇರೆಯಾಗಿ ಕೇಳಿದರೆ ನ್ಯಾಯವಾದಷ್ಟು ಕೊಡಿ, ಅದನ್ನು ಡೀಸೆಲ್ ಹೆಸರಿನಲ್ಲಿ ಸೇರಿಸುವುದು ಬೇಡ. ದುಡ್ಡು ಉಳಿಸುವ ಆಸೆಗೆ ಹೆಚ್ಚು ಮಕ್ಕಳನ್ನು ತುಂಬಿಸಲು ಮಾತ್ರ ಒಪ್ಪಬೇಡಿ.

ಬೈಕಿಗೆ ‘ಇನ್ನೂರಕ್ಕೆ ಹಾಕಿ’ ಅನ್ನುವುದನ್ನು ಬಿಡಿ. ದರ ಏರಿದಾಗ ಇನ್ನೂರಕ್ಕೆ ಬರುವ ಪೆಟ್ರೋಲ್ ಕಡಿಮೆಯಾಗುತ್ತದೆ, ಗೊತ್ತಾಗುವುದಿಲ್ಲ. ತಿಂಗಳಿಗೆ ಹನ್ನೊಂದು ಸಲ ಹಾಕಿಸುತ್ತಿದ್ದದ್ದು ಹನ್ನೆರಡಾಗುತ್ತದೆ, ‘ಪೆಟ್ರೋಲಿಗೆ ಇನ್ನೂರು’ ಎಂಬ ನೆನಪು ಮಾತ್ರ ಹಾಗೇ ಇರುತ್ತದೆ. ಲೀಟರ್ ಲೆಕ್ಕದಲ್ಲಿ ಹಾಕಿಸಿ, ಮೀಟರ್ ಕಿ.ಮೀ. ಜೊತೆ ಬರೆದಿಡಿ. ಮೈಲೇಜ್ 50ರಿಂದ 55ಕ್ಕೆ ಬಂದರೆ ತಿಂಗಳಿಗೆ ಎರಡು ಲೀಟರ್, ಅಂದರೆ ₹200 ಉಳಿಯುತ್ತದೆ. ತೆರಿಗೆಯ ₹69ರ ಮೂರರಷ್ಟು. ಅದಕ್ಕೆ ಬೇಕಾದದ್ದು ಹದಿನೈದು ದಿನಕ್ಕೊಮ್ಮೆ ಟೈರ್ ತಣ್ಣಗಿರುವಾಗ ಗಾಳಿ, ಶುಚಿಯಾದ ಏರ್ ಫಿಲ್ಟರು, ಎಣ್ಣೆ ಕಂಡ ಚೈನು. ಹೆದ್ದಾರಿಯಲ್ಲಿ 70ರ ಬದಲು 50ರ ವೇಗ. ಅದೇ ಪಾಳಿಯ ಇನ್ನೊಬ್ಬರ ಜೊತೆ ದಿನ ಬಿಟ್ಟು ದಿನ ಒಂದೇ ಬೈಕಿನಲ್ಲಿ ಹೋದರೆ ಪೆಟ್ರೋಲ್ ಖರ್ಚು ಅರ್ಧಕ್ಕೆ ಬರುತ್ತದೆ. ಇಬ್ಬರಿಗೂ ಹೆಲ್ಮೆಟ್ ಇರಲಿ. ಬಂಕಿನಲ್ಲಿ ಅಳತೆಯ ಅನುಮಾನ ಬಂದರೆ ಐದು ಲೀಟರಿನ ಮುದ್ರೆ ಹಾಕಿದ ಅಳತೆ ಪಾತ್ರೆ ತರಿಸಿ ಅಳೆಸಬಹುದು. ಅದನ್ನು ಇಟ್ಟಿರಲೇಬೇಕು, ಕೇಳುವುದು ನಿಮ್ಮ ಹಕ್ಕು.

ಸಂತೆಗೆ ಸಾಮಾನ್ಯ ಸಾರಿಗೆ ಬಸ್ ಸಿಗುವಂತಿದ್ದರೆ ಶಕ್ತಿ ಯೋಜನೆಯಲ್ಲಿ ನಿಮಗೆ ಪುಕ್ಕಟೆ. ಹದಿನಾರು ಆಟೊ ಸವಾರಿಯ ₹320 ಪೂರ್ತಿ ಉಳಿಯುತ್ತದೆ. ಬಸ್ಸಿನ ಸಮಯಕ್ಕೆ ಸಂತೆಯನ್ನು ಹೊಂದಿಸಿಕೊಂಡರಾಯಿತು.

ಅಂಗಡಿಯಲ್ಲಿ ಇನ್ನೊಂದು ತೆರಿಗೆ ಇಳಿದಿದೆ, ಅದು ನಿಮಗೆ ತಲುಪಿದೆಯೇ ನೋಡಿಕೊಳ್ಳಿ. 2025ರ ಸೆಪ್ಟೆಂಬರ್ 22ರಿಂದ ಸೋಪು, ತಲೆಗೆ ಹಚ್ಚುವ ಎಣ್ಣೆ, ಟೂತ್‌ಪೇಸ್ಟು, ಬಿಸ್ಕತ್ತಿನ ಜಿಎಸ್‌ಟಿ ಶೇ 18ರಿಂದ 5ಕ್ಕೆ ಬಂದಿದೆ. ಇವಕ್ಕೆ ತಿಂಗಳಿಗೆ ₹900 ಖರ್ಚಾಗುತ್ತಿದ್ದರೆ ಈಗ ₹800 ಆಗಬೇಕು. ಆದರೆ ಇಲ್ಲೂ ಮೆಟ್ಟಿಲಿದೆ. ಐದು ಹತ್ತು ರೂಪಾಯಿಯ ಸಣ್ಣ ಪ್ಯಾಕಿನಲ್ಲಿ ಬೆಲೆ ಇಳಿಸುವ ಬದಲು ತೂಕ ಹೆಚ್ಚಿಸಿದ ಕಂಪನಿಗಳಿವೆ. ನೀವು ಮೊದಲಿನಷ್ಟೇ ಪ್ಯಾಕು ಕೊಂಡರೆ ಕೈಯಲ್ಲಿ ಒಂದು ರೂಪಾಯಿಯೂ ಉಳಿಯುವುದಿಲ್ಲ. ಪ್ಯಾಕಿನ ಮೇಲೆ ಎಂಆರ್‌ಪಿ ಜೊತೆಗೆ ಗ್ರಾಮಿಗೋ ಕೆ.ಜಿ.ಗೋ ಎಷ್ಟು ಎಂದೂ ಮುದ್ರಿಸಿರುತ್ತಾರೆ, ಅದನ್ನು ನೋಡಿ ಕೊಳ್ಳಿ. ಎಂಆರ್‌ಪಿಗಿಂತ ಹೆಚ್ಚು ಕೇಳಿದರೆ ಗ್ರಾಹಕ ಸಹಾಯವಾಣಿ 1915. ಅಕ್ಕಿ, ಬೇಳೆ ಬಿಡಿಯಾಗಿ ತೂಗಿಸಿಕೊಂಡರೆ ಜಿಎಸ್‌ಟಿ ಇಲ್ಲ. ಲೇಬಲ್ ಹಾಕಿದ 25 ಕೆ.ಜಿ.ವರೆಗಿನ ಪ್ಯಾಕಿಗೆ ಶೇ 5 ಇದೆ. ಅಂಗಡಿಯಲ್ಲಿ 26 ಕೆ.ಜಿ. ಅಕ್ಕಿ ಮೂಟೆ ಕಂಡಿದ್ದರೆ ಆ ಒಂದು ಕೆ.ಜಿ.ಯ ಗುಟ್ಟು ಇದೇ. ₹60ರ ಅಕ್ಕಿಯಾದರೆ ಮೂಟೆಗೆ ₹75ರಷ್ಟು ವ್ಯತ್ಯಾಸ.

ಕರೆಂಟಿನಲ್ಲಿ ಗೃಹಜ್ಯೋತಿಯ ಅಂಚನ್ನು ಗಮನಿಸಿ. ನಿಮಗೆ ನಿಗದಿಯಾದ ಯೂನಿಟ್ ದಾಟಿದರೆ ಹೆಚ್ಚುವರಿಗೆ ಮಾತ್ರ ದುಡ್ಡು. 200 ದಾಟಿದರೆ ಇಡೀ ಬಿಲ್ಲು ನಿಮ್ಮದೇ, ಸಾವಿರದ ಮೇಲೆ. ಗೀಸರಿನ ಒಂದು ಯೂನಿಟ್ ಆರು ತಿಂಗಳ ಡೀಸೆಲ್ ತೆರಿಗೆಯನ್ನು ಒಂದೇ ದಿನ ತಿಂದುಹಾಕಬಹುದು. 20ನೇ ದಿನಕ್ಕೆ ಮೀಟರ್ ನೋಡುವ ಅಭ್ಯಾಸ ಇಟ್ಟುಕೊಳ್ಳಿ.

ಬಹಳ ಮನೆಗಳು ಎಡವುವ ಜಾಗ ಇನ್ನೊಂದು. ತಿಂಗಳಿಗೆ ₹500 ಕಡಿಮೆ ಬೀಳುತ್ತದೆ, ಯಾರೂ ಲೆಕ್ಕ ಬರೆಯುವುದಿಲ್ಲ. ಆರು ತಿಂಗಳಿಗೆ ₹3,000 ಕೈಸಾಲವಾಗುತ್ತದೆ. ಅದನ್ನು ತೀರಿಸಲು ಫೈನಾನ್ಸಿನಲ್ಲಿ ₹10,000 ಎತ್ತುತ್ತಾರೆ. ನೂರಕ್ಕೆ ಮೂರರ ಬಡ್ಡಿಯಾದರೆ ತಿಂಗಳಿಗೆ ₹300 ಬಡ್ಡಿಗೇ ಹೋಯಿತು, ತೆರಿಗೆ ಏರಿಕೆಯ ಎರಡರಷ್ಟು. ಸಾಲವೇ ಬೇಕಾದರೆ ನಿಮ್ಮ ಸಂಘದಲ್ಲೇ, ಈಗಿನ ಕಂತು ಮುಗಿದ ಮೇಲೆ ತೆಗೆದುಕೊಳ್ಳಿ. ಒಂದು ಕಂತಿನ ಮೇಲೆ ಇನ್ನೊಂದು ಬೇಡ.

ಗೃಹಲಕ್ಷ್ಮಿ ಬರುತ್ತಿದ್ದರೆ ಅದನ್ನು ತಿಂಗಳ ಬಜೆಟ್ಟಿನಲ್ಲಿ ಆದಾಯವೆಂದು ಬರೆಯಬೇಡಿ. ಕಂತುಗಳು ತಡವಾಗಿ ಬಂದದ್ದೂ ಉಂಟು, ಒಟ್ಟಿಗೆ ಬಂದದ್ದೂ ಉಂಟು. ಬಂದ ದಿನ ಅಂಚೆ ಕಚೇರಿಯ ಉಳಿತಾಯ ಖಾತೆಗೆ ಹಾಕಿಬಿಡಿ. ಜೂನ್‌ನಲ್ಲಿ ಸ್ಕೂಲ್ ಫೀಸು, ಪುಸ್ತಕ, ಸಮವಸ್ತ್ರ ಒಟ್ಟಿಗೆ ಬಂದಾಗ ಅಲ್ಲಿಂದಲೇ ತೆಗೆಯಿರಿ.